ಮುಸುರೆ ಕೈ, ಕೆನೆ ಬಣ್ಣ

ಬೆಳಗಿನ ಏಳೂಕಾಲು. ಚಾಮರಾಜಪುರಂ ಸ್ಟೇಷನ್ ಬಿಟ್ಟ ರೈಲು ಕೂಗಿಕೊಂಡು ನಂಜನಗೂಡಿನ ಕಡೆ ಹೋಗುತ್ತಿದೆ. ಕೃಷ್ಣಮೂರ್ತಿಪುರಂನ ಈ ಮನೆಯ ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಅಡುಗೆಮನೆ ಕಪಾಟಿನ ಬಾಗಿಲುಗಳೆಲ್ಲ ಕಳಚಿಕೊಂಡು ಬಂದು ಅಂಗಾತ ಮಲಗಿವೆ. 14 ಶಟರು, 5 ಡ್ರಾ. ಒಂದೊಂದರ ಬೆನ್ನಿಗೂ ಸೀಮೆಸುಣ್ಣದ ನಂಬರು. ತಿರುಪುಗಳೆಲ್ಲ ಉಪ್ಪಿನಕಾಯಿಯ ಖಾಲಿ ಬಾಟಲಿಯಲ್ಲಿ.

ಮೇಸ್ತ್ರಿ ಕುಕ್ಕರುಗಾಲಲ್ಲಿ ಕೂತು ನನ್ನ ಫೋನು ಕೈಯಲ್ಲಿ ಹಿಡಿದಿದ್ದಾರೆ. ಅದರಲ್ಲಿ ಇಂಗ್ಲೆಂಡಿನ ಯಾವುದೋ ಹಳ್ಳಿಮನೆಯ ಅಡುಗೆಕೋಣೆ. ಕೆನೆ ಬಣ್ಣದ ಕಪಾಟು, ಅಂಚಿನಲ್ಲಿ ಬಣ್ಣ ಸವೆದು ಕೆಳಗಿನ ಹಸಿರು ಇಣುಕುತ್ತಿದೆ, ಮೂಲೆಗಳಲ್ಲಿ ಕಂದು ಕೊಳೆ. ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿ ನೋಡುತ್ತಾರೆ. ಕುಗ್ಗಿಸಿ ನೋಡುತ್ತಾರೆ.

"30 ವರ್ಷದಿಂದ ಪೇಂಟ್ ಹೊಡೀತಾ ಇದ್ದೀನಿ ಸಾರ್. ಹಳೇದನ್ನ ಹೊಸದು ಮಾಡಿಕೊಡಿ ಅಂತ ಕರೀತಾರೆ. ಇದನ್ನ ನಮ್ಮ ಹುಡುಗ ಹೊಡೆದಿದ್ರೆ ದುಡ್ಡೇ ಕೊಡ್ತಿರಲಿಲ್ಲ ನಾನು."

ಹುಡುಗ, ಅಂದರೆ ಅವರ ಅಕ್ಕನ ಮಗ, ಬಕೆಟ್ಟಿಗೆ ಬಿಸಿನೀರು ಸುರಿಯುತ್ತಾ ನಗುತ್ತಾನೆ. ಅಮ್ಮ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಾಳೆ. ನಿನ್ನೆ ರಾತ್ರಿಯೇ ಅವಳ ತೀರ್ಪು ಬಂದಾಗಿದೆ: ಬೆಂಗಳೂರಿನಲ್ಲಿ ಕೆಲಸ ಮಾಡಿ ಮಾಡಿ ಮಗನಿಗೆ ತಲೆ ಕೆಟ್ಟಿದೆ.

ಮೊದಲು ತೊಳೆಯುವ ಕೆಲಸ. ಒಲೆಯ ನೇರ ಮೇಲಿದ್ದ ಆರನೇ ನಂಬರಿನ ಕೆಳ ಅಂಚನ್ನು ಮುಟ್ಟಿ ನೋಡಿ, ಬೆರಳು ಅಲ್ಲೇ ಹಿಡಿದುಕೊಳ್ಳುತ್ತದೆ. ವರ್ಷಗಟ್ಟಲೆ ಒಗ್ಗರಣೆಯ ಹೊಗೆ ಏರಿ ಕೂತು, ಬಿಸಿಗೆ ಬೆಂದು, ಎಣ್ಣೆಯೆಲ್ಲ ರಾಳವಾಗಿದೆ. ಉಗುರಲ್ಲಿ ಕೆರೆದರೆ ಬೆಲ್ಲದ ಪಾಕದ ಹಾಗೆ ಸುರುಳಿ ಏಳುತ್ತದೆ. ಒಂದು ಬಕೆಟ್ಟಿಗೆ ಎರಡು ಹಿಡಿ ವಾಷಿಂಗ್ ಸೋಡಾ, ಕೈಗೆ ರಬ್ಬರಿನ ಗವಸು, ಪಾತ್ರೆ ಉಜ್ಜುವ ನಾರು. ಸೋಡಾ ನೀರು ಬಿದ್ದಲ್ಲಿ ಜಿಡ್ಡು ಹಳದಿಯಾಗಿ ಕರಗಿ ಇಳಿಯುತ್ತಿದೆ. ಸಾಸಿವೆ, ಇಂಗು, ಸುಟ್ಟ ಮೆಣಸಿನಕಾಯಿ, ಎಲ್ಲದರ ವಾಸನೆ ಒಟ್ಟಿಗೆ ಎದ್ದು ಮೂಗಿಗೆ ಬಡಿಯುತ್ತದೆ.

"ಸೋಡಾ ಉಳಿದ್ರೂ ಕಷ್ಟ, ಜಿಡ್ಡು ಉಳಿದ್ರೂ ಕಷ್ಟ," ಎನ್ನುತ್ತಾ ಮೇಸ್ತ್ರಿ ಎರಡು ಸಲ ಬರೀ ನೀರಲ್ಲಿ ಒರೆಸುತ್ತಾರೆ. ಬಣ್ಣ ಎದ್ದು ಬರುವ ಅಡುಗೆಮನೆಗಳಲ್ಲಿ ಮುಕ್ಕಾಲುಪಾಲು ಈ ಒಂದು ಬೆಳಗನ್ನು ಉಳಿಸಲು ಹೋದವು ಎಂದೇ ನನಗೆ ಅನ್ನಿಸುತ್ತದೆ.

ಒಂಬತ್ತು ಗಂಟೆಗೆ ಮರ ಆರಿದೆ. ಒಂಬತ್ತನೇ ಶಟರಿನ ಮೂಲೆಯಲ್ಲಿ ಒಂದು ಚಕ್ಕೆ ಮೊದಲೇ ಹಾರಿಹೋಗಿದೆ. ಹತ್ತಿರ ಹೋಗಿ ನೋಡಿದರೆ ಈರುಳ್ಳಿ ಹೆಚ್ಚಿದ ಹಾಗೆ ಪದರ ಪದರ. ಮೇಲೆ ನಾವೆಲ್ಲ ಕಂಡಿರುವ ಕಂದು. ಅದರ ಕೆಳಗೆ ತಿಳಿನೀಲಿ. ಅದರ ಕೆಳಗೆ ಕಡುಹಸಿರು, ಮೈಸೂರಿನ ಹಳೇ ಮನೆಗಳ ಕಿಟಕಿಗೆ ಇರುತ್ತಿತ್ತಲ್ಲ, ಅದೇ. ಆಮೇಲೆ ನಸುಗೆಂಪು ಪ್ರೈಮರು, ಕಟ್ಟಕಡೆಗೆ ತೇಗ.

"ಹಸಿರು ಗೃಹಪ್ರವೇಶದ್ದು. ನೀಲಿ ನಿನ್ನ ಉಪನಯನಕ್ಕೆ ಹೊಡೆಸಿದ್ದು," ಎನ್ನುತ್ತಾಳೆ ಅಮ್ಮ.

ನನಗೆ ನಿಧಿ ಸಿಕ್ಕ ಹಾಗಾಗಿದೆ. ಸುಳ್ಳು ಹಳೆತನ ಯಾಕೆ ಬೇಕು, ನಿಜವಾದದ್ದೇ ಇಲ್ಲಿದೆಯಲ್ಲ! ಉಪ್ಪು ಕಾಗದ ಹಿಡಿದು ತಿಕ್ಕಿದರೆ ನೀಲಿ, ಹಸಿರು, ತೇಗ ಎಲ್ಲ ತಾವಾಗಿ ಮೇಲೆ ಬರುತ್ತವೆ. 120 ನಂಬರಿನ ಹಾಳೆ ಮಡಿಸಿ ಕೈಗೆತ್ತಿಕೊಂಡವನು, ತಿಕ್ಕುವ ಮೊದಲೇ ನಿಂತುಬಿಡುತ್ತೇನೆ.

ಆ ಹಸಿರೇ ಅನುಮಾನ ಹುಟ್ಟಿಸುವ ಬಣ್ಣ. ಹಳೇ ಕಾಲದ ಆಯಿಲ್ ಪೇಂಟಿನಲ್ಲಿ ಹಸಿರು ಮಾಡುವ ಒಂದು ದಾರಿ, ಸೀಸದ ಕ್ರೋಮೇಟಿನ ಹಳದಿಗೆ ಪ್ರಷ್ಯನ್ ನೀಲಿ ಬೆರೆಸುವುದು. ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದು ಎಂಬ ನಿಯಮವನ್ನು ನಮ್ಮಲ್ಲಿ ಮಾಡಿದ್ದು 2016ರಲ್ಲಿ, ತಯಾರಕರಿಗೆ ಅದು ಕಡ್ಡಾಯವಾದದ್ದು 2017ರ ನವೆಂಬರ್ 1ರಿಂದ. ನಮ್ಮ ಗೃಹಪ್ರವೇಶ ಅದಕ್ಕೂ ಎಷ್ಟೋ ಹಿಂದಿನದು. ಒಣಗಿದ್ದಾಗ ತಿಕ್ಕಿದರೆ ಏಳುವ ಧೂಳು ಕಣ್ಣಿಗೆ ಕಾಣದ ಹಾಗೆ ಅಕ್ಕಿ ಡಬ್ಬದ ಮೇಲೂ ಕೂರುತ್ತದೆ, ಮಕ್ಕಳ ಉಸಿರಿಗೂ ಹೋಗುತ್ತದೆ. ಅಣ್ಣನ ಮಗಳಿಗೆ ಇನ್ನೂ ಮೂರು ವರ್ಷ. ಅವಳನ್ನು ಈ ವಾರ ಪೂರ್ತಿ ಅವಳ ಅಜ್ಜಿ ಮನೆಗೆ ಕಳಿಸಿರುವುದು ಎಷ್ಟು ಒಳ್ಳೆಯದಾಯಿತು.

ಹಾಗಾಗಿ ಲೆಕ್ಕಾಚಾರ ತಲೆಕೆಳಗಾಗಿದೆ. ಈ ಮನೆಯ ಅಸಲಿ ಹಳೆತನವನ್ನು ಮುಟ್ಟದೆ ಒಳಗೇ ಮುಚ್ಚಿ, ಅದರ ಮೇಲೆ ಹೊಸ ಡಬ್ಬದಿಂದ ಇನ್ನೊಂದು ಹಳೆತನ ಕಟ್ಟಬೇಕು. ಮೇಲಿನ ಕಂದು ಬಣ್ಣದ ಹೊಳಪು ಸಾಯುವಷ್ಟು ಮಾತ್ರ ತಿಕ್ಕುವುದು, ಅದೂ ನೀರು ಹಾಕಿಕೊಂಡು, 220ರ ವಾಟರ್ ಪೇಪರಿನಲ್ಲಿ, ಮೂಗಿಗೆ ಮಾಸ್ಕು ಕಟ್ಟಿ. ಏಳುವ ರಾಡಿಯನ್ನು ಹಳೇ ಬಟ್ಟೆಯಲ್ಲಿ ಎತ್ತಿ ಪ್ಲಾಸ್ಟಿಕ್ ಚೀಲಕ್ಕೆ. ಹುಡುಗ ಅದನ್ನು ಕರಿಬೇವಿನ ಗಿಡದ ಬುಡಕ್ಕೆ ಚೆಲ್ಲಲು ಹೊರಟಿದ್ದ, ನಾನು ಕೂಗಿದ ರಭಸಕ್ಕೆ ಪಕ್ಕದ ಮನೆಯವರು ಕಾಂಪೌಂಡಿನಿಂದ ಇಣುಕಿದರು.

ಮುಚ್ಚುವುದಕ್ಕೆ ಅರಗು. ಮೊನ್ನೆ ಸಂತೇಪೇಟೆಯ ಗ್ರಂಥಿಗೆ ಅಂಗಡಿಯಿಂದ ತಂದದ್ದು. ಪೊಟ್ಟಣ ಬಿಚ್ಚಿದಾಗ ಜೇನಿನ ಬಣ್ಣದ, ಗಾಜಿನ ಬಳೆಯ ಚೂರಿನಂಥ ಚಕ್ಕೆಗಳು. ಮುತ್ತುಗದ ಮರ, ಬೋರೆ ಮರದ ಕೊಂಬೆಗೆ ಅಂಟಿ ಬದುಕುವ ಪುಟ್ಟ ಕೀಟ ಸ್ರವಿಸಿದ್ದು. ಒಂದು ಲೀಟರು ಸ್ಪಿರಿಟ್ಟಿಗೆ ಕಾಲು ಕಿಲೋ ಹಾಕಿ ಗಾಜಿನ ಭರಣಿಯಲ್ಲಿ ಎರಡು ರಾತ್ರಿ ಬಿಟ್ಟಿದ್ದೇವೆ. ಈಗ ತಳದಲ್ಲಿ ಮಸುಕಾದ ಮೇಣ ಕೂತು ಮೇಲೆ ಕೆಂಪು ತಿಳಿ ನಿಂತಿದೆ. ಆ ಮೇಣ ಉಳಿದರೆ ನೀರಿನ ಬಣ್ಣ ಸರಿಯಾಗಿ ಕಚ್ಚುವುದಿಲ್ಲ, ತಿಳಿಯೇ ಬೇಕು. ಮೇಸ್ತ್ರಿ ಕೈ ಅಲುಗದಂತೆ ಭರಣಿ ಬಗ್ಗಿಸುತ್ತಾರೆ. ಅಮ್ಮ ಹಿಂದಿನಿಂದ, "ನಿಧಾನ, ತಿಳಿಸಾರು ಬಗ್ಗಿಸೋ ಹಾಗೆ ಬಗ್ಗಿಸಪ್ಪಾ," ಎನ್ನುತ್ತಾಳೆ. ಈ ಕೆಲಸದ ಬಗ್ಗೆ ಅವಳು ಆಡಿದ ಮೊದಲ ಒಳ್ಳೆಯ ಮಾತು ಅದು.

ಅರಗಿಗೂ ಈ ಊರಿಗೂ ಹಳೇ ನಂಟು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಇಲ್ಲಿ ಶುರುವಾದ ಬಣ್ಣದ ಕಾರ್ಖಾನೆಯ ಹೆಸರಲ್ಲೇ ಅರಗು ಇತ್ತು: ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಈಗ ಅದು ಬನ್ನಿಮಂಟಪದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ದೇಶಕ್ಕೆಲ್ಲ ಅದು ಗೊತ್ತಿರುವುದು ಬಣ್ಣದಿಂದಲ್ಲ, 1962ರ ಚುನಾವಣೆಯಿಂದ ಈಚೆಗೆ ಮತದಾರರ ಬೆರಳಿಗೆ ಹಚ್ಚುತ್ತಿರುವ ಮಸಿಯಿಂದ. ತಿಕ್ಕಿದರೂ ಹೋಗಬಾರದ ಗುರುತನ್ನು ಮಾಡಿ ಕಳಿಸುವ ಊರಲ್ಲಿ ಕೂತು, ತಿಕ್ಕಿದರೆ ಹೋಗುವಂಥ ಬಣ್ಣಕ್ಕಾಗಿ ನಾನು ಒದ್ದಾಡುತ್ತಿದ್ದೇನೆ.

ಅರಗು ಬ್ರಷ್ಷಿನಿಂದ ಇಳಿದು ಹರಡುತ್ತಿದ್ದಂತೆಯೇ ಆರುತ್ತದೆ. ಒಮ್ಮೆ ಎಳೆದಲ್ಲಿ ಮತ್ತೆ ಎಳೆಯುವ ಹಾಗಿಲ್ಲ, ಎಳೆದರೆ ಗೆರೆ. ಸ್ಪಿರಿಟ್ಟಿನ ಘಾಟಿಗೆ ಹಿತ್ತಿಲು ಆಸ್ಪತ್ರೆಯ ವಾರ್ಡಿನ ಹಾಗಾಗಿದೆ. ಅರ್ಧ ಗಂಟೆಯಲ್ಲಿ ಕಂದು, ನೀಲಿ, ಹಸಿರು ಎಲ್ಲವೂ ಗಾಜಿನೊಳಗೆ ಸೇರಿದವು.

ಮಾರನೇ ದಿನ ಬಣ್ಣ ಕಲಸುವುದು. ಈ ಕೆಲಸಕ್ಕೆಂದೇ ಸಿಗುವ ಸೀಮೆಸುಣ್ಣದಂಥ ಮಂಕು ಬಣ್ಣವನ್ನು ಆನಿ ಸ್ಲೋನ್ ಎಂಬಾಕೆ 1990ರಲ್ಲಿ ರೂಪಿಸಿದರು. ಅದರ ಹಿಂದಿನ ವರ್ಷವೇ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ರೇಚಲ್ ಆಶ್‌ವೆಲ್ ಶ್ಯಾಬಿ ಶಿಕ್ ಎಂಬ ಅಂಗಡಿ ತೆರೆದಿದ್ದರು. ಸವೆದ ಕುರ್ಚಿ, ಬಣ್ಣ ಹೋದ ಮೇಜು ಬಡತನದ ಗುರುತಾಗಿದ್ದದ್ದು ಅಲ್ಲಿಂದ ಮುಂದೆ ಅಭಿರುಚಿಯ ಗುರುತಾಯಿತು. ಇವತ್ತು ಜೋಧಪುರದ ಮರಗೆಲಸದವರು ಹೊಸ ಮರವನ್ನೇ ತಿಕ್ಕಿ, ಬಡಿದು, ಹಳೆಯದು ಮಾಡಿ ಹೊರದೇಶಕ್ಕೆ ಕಳಿಸುತ್ತಾರೆ.

ಅದಕ್ಕೂ ಹಿಂದಿನದು ಹಾಲಿನ ಬಣ್ಣ. ಹಾಲು ಒಡೆಸಿ, ಬಂದ ಗಿಣ್ಣಿನಂಥದ್ದಕ್ಕೆ ಸುಣ್ಣ ಬೆರೆಸಿದರೆ ಅಂಟಾಗುತ್ತದೆ, ಅದಕ್ಕೆ ಬಣ್ಣದ ಪುಡಿ. ಕಳೆದ ವಾರ ನಾನೂ ಒಂದು ಲೋಟದಲ್ಲಿ ಮಾಡಿ ನೋಡಿದ್ದೆ. ಒಂದು ಹಲಗೆಗೆ ಹಚ್ಚಿದಾಗ ಚೆನ್ನಾಗಿಯೇ ಇತ್ತು. ಉಳಿದದ್ದನ್ನು ಕಿಟಕಿಯಲ್ಲಿ ಮರೆತಿದ್ದೆ. ಎರಡನೇ ದಿನ ಮನೆಯಲ್ಲಿ ಇಲಿ ಸತ್ತಿದೆ ಎಂದು ಅಮ್ಮ ಅಟ್ಟವನ್ನೆಲ್ಲ ಹುಡುಕಿಸಿದಳು.

ಆದ್ದರಿಂದ ಮೇಸ್ತ್ರಿಯ ದಾರಿಯೇ ಸರಿ. ಮಂಕು ಎಮಲ್ಷನ್ ಒಂದು ಲೀಟರು, ಹಾರ್ಡ್‌ವೇರ್ ಅಂಗಡಿಯ ಚಾಕ್ ಪೌಡರು ಮೂರು ಹಿಡಿ. ಪುಡಿಯನ್ನು ಹಾಗೇ ಸುರಿದರೆ ಗಂಟಾಗುತ್ತದೆ. ಮೊದಲು ನೀರಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಆಮೇಲೆ ಬಣ್ಣಕ್ಕೆ ಬಿಟ್ಟು, ಹಳೇ ಪಂಚೆಯ ತುಂಡಿನಲ್ಲಿ ಸೋಸಬೇಕು. ಮೊದಲ ಬಣ್ಣ ಬಾಟಲ್ ಗ್ರೀನ್. ಸೀಸವಿಲ್ಲದ ಗೃಹಪ್ರವೇಶ ಎಂದುಕೊಳ್ಳಿ. ಬ್ರಷ್ಷು ಹೋದಲ್ಲಿ ಗುರುತು ಉಳಿಯುತ್ತದೆ, ಮೇಸ್ತ್ರಿಗೆ ಅದನ್ನು ಸಹಿಸುವುದೇ ಕಷ್ಟ. ಮೂರು ಸಲ ರೋಲರಿನ ಕಡೆ ಕೈ ಹೋಯಿತು, ಮೂರು ಸಲವೂ ನಾನು ತಡೆದೆ. ಸಂಜೆಗೆ ಎರಡು ಕೋಟು ಮುಗಿದು ಶಟರುಗಳೆಲ್ಲ ಶಾಲೆಯ ಕಪ್ಪುಹಲಗೆಯ ಹಾಗೆ ಮಂಕಾಗಿ ನಿಂತಿವೆ.

ಎಡವಟ್ಟಾದದ್ದು ಆಮೇಲೆ. ಒಂದು ಡ್ರಾ ಮುಖಕ್ಕೆ ಮಾತ್ರ ಕೆನೆ ಬಣ್ಣ ಹೊಡೆದು ಮೇಸ್ತ್ರಿ ಪರೀಕ್ಷೆಗೆ ತಿಕ್ಕಿದರು. ಶಿಸ್ತಿನ ಮನುಷ್ಯ. ನಾಲ್ಕೂ ಅಂಚಿಗೆ ಒಂದೇ ಅಗಲ, ನಾಲ್ಕೂ ಮೂಲೆಗೆ ಒಂದೇ ಒತ್ತಡ. ಸ್ಕೇಲು ಇಟ್ಟು ತಿಕ್ಕಿದಂತೆ ಸುತ್ತಲೂ ಹಸಿರು ಗೆರೆ ಬಂತು.

ಅಮ್ಮ ಕನ್ನಡಕ ಏರಿಸಿ ನೋಡಿದಳು. "ಏರ್‌ಮೇಲ್ ಕವರ್ ಇದ್ದ ಹಾಗಿದೆ."

ನಿಜ, ಹಾಗೇ ಇತ್ತು. ಅಂಚುಪಟ್ಟಿ ಹಾಕಿದ ಕಾಗದ. ಮೇಸ್ತ್ರಿ ಬೇಸರದಲ್ಲಿ, "ಮತ್ತೆ ಎಲ್ಲಿ ಸವೀಬೇಕು ಅಂತ ನೀವೇ ಹೇಳಿ ಅಮ್ಮಾ," ಎಂದರು. ಅಮ್ಮ ಬಾಯಿ ತೆರೆದಳು, ಮುಚ್ಚಿದಳು. 40 ವರ್ಷ ಆ ಬಾಗಿಲು ತೆಗೆದವಳಿಗೆ ಎಲ್ಲಿ ಹಿಡಿದು ತೆಗೆಯುತ್ತೇನೆಂದು ಹೇಳಲು ಬರಲಿಲ್ಲ. ಚಿತ್ರದ ಇಂಗ್ಲೆಂಡಿನ ಕಪಾಟನ್ನು ನೋಡಿ ನಕಲು ಮಾಡಬಹುದಿತ್ತು. ಆದರೆ ಅಲ್ಲಿ ಸವೆಸಿದ ಕೈ ಯಾರದೋ. ಆ ಕೈಗೆ ಮುಸುರೆ ಗೊತ್ತಿಲ್ಲ.

ಮೂರನೇ ದಿನದ ಬೆಳಗ್ಗೆ ಅದಕ್ಕೇ ಶಟರುಗಳೆಲ್ಲ ಎರಡೆರಡೇ ತಿರುಪಿನ ಮೇಲೆ ತಾತ್ಕಾಲಿಕವಾಗಿ ಕಪಾಟಿಗೆ ವಾಪಸು ಏರಿವೆ, ಬರೀ ಹಸಿರಲ್ಲಿ. ಕೈಗೆ ಚಾಕ್ ಪೌಡರು ಬಳಿದುಕೊಂಡು ಅಡುಗೆ ಮಾಡು ಎಂದು ನಾನು ಕೇಳಿದ್ದೆ. "ಆ ಗೋಡೆ ಪುಡಿ ಮೆತ್ತಿಕೊಂಡು ಪಾತ್ರೆ ಮುಟ್ಟಲಾ? ಅಕ್ಕಿರೊಟ್ಟಿ ಮಾಡ್ತೀನಿ. ಹಿಟ್ಟಿನ ಕೈ ಇದ್ದೇ ಇರತ್ತೆ," ಎಂದಳು.

ಈಗ ನಾವು ಮೂವರೂ ಬಾಗಿಲ ಬಳಿ ಸಾಲಾಗಿ ನಿಂತಿದ್ದೇವೆ. ನಾಟಕ ನೋಡುವವರ ಹಾಗೆ. ಹುಡುಗನ ಕೈಯಲ್ಲಿ ಸೀಮೆಸುಣ್ಣ.

ಅಮ್ಮ ಮೊದಲ ಐದು ನಿಮಿಷ ನಾಚಿಕೊಂಡು ಶಿಸ್ತಾಗಿದ್ದಳು. ಹಿಟ್ಟು ಕಲಸಲು ಕೂತ ಮೇಲೆ ನಮ್ಮನ್ನು ಮರೆತಳು. ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು. ಬಲಗೈ ಮಣಿಕಟ್ಟಿನವರೆಗೆ ಹಿಟ್ಟಿನಲ್ಲಿ. ಉಪ್ಪು ಬೇಕಾಯಿತು. ಬಲಗೈ ಗಾಳಿಯಲ್ಲಿ ಎತ್ತಿ ಹಿಡಿದೇ ಎದ್ದಳು, ಎಡಗೈಯ ತೋರುಬೆರಳು ನಾಲ್ಕನೇ ಶಟರಿನ ಕೆಳಮೂಲೆಗೆ ಹೋಯಿತು. ಹ್ಯಾಂಡಲಿನ ಜಾಗವನ್ನು ಮುಟ್ಟಲೇ ಇಲ್ಲ. ಮೂಲೆಯನ್ನು ಉಗುರಿಂದ ಮೀಟಿ, ತೆರೆದ ಸಂದಿಗೆ ಕಿರುಬೆರಳು ತೂರಿಸಿ ಎಳೆದಳು. ಹಸಿರಿನ ಮೇಲೆ ಬಿಳಿಯ ಎರಡು ಚುಕ್ಕೆ. ಮುಚ್ಚಿದ್ದು ಮೊಣಕೈಯಲ್ಲಿ.

"ಹಾಕು, ಹಾಕು," ಎಂದರು ಮೇಸ್ತ್ರಿ ಪಿಸುದನಿಯಲ್ಲಿ. ಹುಡುಗ ಮೊಣಕೈ ತಾಗಿದಲ್ಲಿ ಸೊನ್ನೆ ಬರೆದ.

ಎಣ್ಣೆ ಬಾಟಲಿಯ ಡ್ರಾ ಮುಚ್ಚಿದ್ದು ಮೊಣಕಾಲಲ್ಲಿ. ಸಿಂಕಿನ ಕೆಳಗಿನ ಬಾಗಿಲು ತೆರೆದದ್ದು ಕಾಲಿನ ಹೆಬ್ಬೆರಳಲ್ಲಿ, ಅಷ್ಟು ಸಲೀಸಾಗಿ ಅದು ನಡೆದುಹೋಯಿತೆಂದರೆ ಮೇಸ್ತ್ರಿ ನನ್ನ ಮುಖ ನೋಡಿದರು. ಹುರಿಗಡಲೆ ಡಬ್ಬ ಮೇಲಿನ ಖಾನೆಯಲ್ಲಿ. ಅಮ್ಮ ತುದಿಗಾಲಲ್ಲಿ ನಿಂತು ಎಟುಕಿಸುವಾಗ ಎಡಗೈ ಆಧಾರಕ್ಕೆ ಪಕ್ಕದ ಶಟರಿನ ನೆತ್ತಿಯನ್ನು ಹಿಡಿಯಿತು, ನಾಲ್ಕು ಬೆರಳು ಒಳಗೆ, ಹೆಬ್ಬೆರಳು ಹೊರಗೆ. ಅಂಥ ಕಡೆ ಕೈ ಹೋಗುತ್ತದೆಂದು ನಾನು ಕನಸಲ್ಲೂ ಎಣಿಸಿರಲಿಲ್ಲ. ಆಮೇಲೆ ಫೋನಿನಲ್ಲಿ ಹಳೇ ಫೋಟೋ ತೆಗೆದು ನೋಡಿದರೆ, ಕಂದು ಬಣ್ಣದ ಮೇಲೆ ಅದೇ ಜಾಗದಲ್ಲಿ ಒಂದು ಮಸುಕು ಇದ್ದೇ ಇದೆ. ಹೊಗೆ ಎಂದುಕೊಂಡಿದ್ದೆ.

ಮುಸುರೆಯ ಕಟ್ಟುಪಾಡನ್ನು ನಾನು ಚಿಕ್ಕಂದಿನಲ್ಲಿ ಬೈಸಿಕೊಂಡೇ ಕಲಿತವನು. ಅನ್ನ ಮುಟ್ಟಿದ ಕೈ ಉಪ್ಪಿನಕಾಯಿ ಜಾಡಿ ಮುಟ್ಟಬಾರದು, ಮೊಸರಿನ ಪಾತ್ರೆ ಮುಟ್ಟಬಾರದು, ಕಪಾಟಿನ ಹಿಡಿಯನ್ನಂತೂ ಮುಟ್ಟಲೇಬಾರದು. ಅಮ್ಮ ಈಗ ಮಡಿಯನ್ನೆಲ್ಲ ಬಿಟ್ಟಿದ್ದಾಳೆ. ಮೈ ಮಾತ್ರ ಬಿಟ್ಟಿಲ್ಲ. ಹಾಗಾಗಿ ಈ ಅಡುಗೆಮನೆ ಸವೆಯುವುದು ಹಿಡಿಯ ಸುತ್ತ ಅಲ್ಲ. ಕೆಳಮೂಲೆಗಳಲ್ಲಿ, ಮೊಣಕೈ ಎತ್ತರದಲ್ಲಿ, ಎಡಗೈಗೆ ಸಿಗುವ ಅಂಚುಗಳಲ್ಲಿ.

ಒಂದು ಅಪವಾದ ಎರಡನೇ ನಂಬರು, ಸಕ್ಕರೆ ಕಾಫಿಪುಡಿಯ ಖಾನೆ. ಅದರ ಹ್ಯಾಂಡಲು ಕಿತ್ತುಹೋಗಿ ಎಷ್ಟು ವರ್ಷವಾಯಿತೋ. ಅಲ್ಲಿ ಅಂಚಿನ ನಟ್ಟನಡುವೆ ಅಂಗೈ ಒತ್ತಿ ಎಳೆಯುತ್ತಾಳೆ. ಅಕ್ಕಿ ಹಿಟ್ಟಿನಲ್ಲಿ ಅಚ್ಚುಕಟ್ಟಾದ ಅರ್ಧ ಹಸ್ತ ಮೂಡಿದೆ, ಹೆಬ್ಬೆರಳ ಬುಡದ ದಿಂಡು, ಮೂರು ಬೆರಳ ಗೆಣ್ಣು. ಹಬ್ಬದ ಬಾಗಿಲಿಗೂ ಇಷ್ಟು ಚೆಂದದ ಗುರುತು ಬರುವುದಿಲ್ಲ. ಮೇಸ್ತ್ರಿ ಅದರ ಮುಂದೆ ಒಂದು ನಿಮಿಷ ಕೂತೇ ಇದ್ದರು. ರೊಟ್ಟಿ ತಟ್ಟೆಗೆ ಬಂದಾಗಲೂ ಅಲ್ಲಿಂದ ಏಳಲಿಲ್ಲ, ಅಲ್ಲೇ ಕೂತು ತಿಂದರು, ಬೆಣ್ಣೆ, ಕಾಯಿ ಚಟ್ನಿ.

ಮಧ್ಯಾಹ್ನದಿಂದ ಅವರ ಕೈಯ ನಡೆಯೇ ಬೇರೆ. ಹಿಟ್ಟು ಒರೆಸುವ ಮೊದಲು ಅದೇ ಜಾಗಗಳಿಗೆ ಬಿಳಿ ಮೇಣದಬತ್ತಿ ಉಜ್ಜಿದರು. ಕರೆಂಟು ಹೋದಾಗ ಹಚ್ಚುವ ಸಾದಾ ಬತ್ತಿ. ಮೇಣ ಇದ್ದಲ್ಲಿ ಮೇಲಿನ ಬಣ್ಣ ಕಚ್ಚಿಕೊಳ್ಳುವುದಿಲ್ಲ, ಗುಟ್ಟು ಅಷ್ಟೇ. ಮೂಲೆಯಲ್ಲಿ ಒತ್ತಿ, ಅಂಚಿನತ್ತ ಹೋಗುತ್ತಾ ಹಗುರಾಗಿ, ನಡುನಡುವೆ ಬಿಟ್ಟು. ಸೊನ್ನೆ ಬರೆದಲ್ಲಿ ಮೊಣಕೈಯಷ್ಟೇ ಅಗಲ, ಹೆಚ್ಚಿಲ್ಲ. ಸಿಂಕಿನ ಕೆಳಗಿನದಕ್ಕೆ ಬುಡದಲ್ಲಿ ಧಾರಾಳವಾಗಿ, ಅಲ್ಲಿ ನೀರೂ ಕಾಲೂ ಎರಡೂ ಬೀಳುತ್ತವೆ. ಅಟ್ಟದ ಶಟರುಗಳಿಗೆ ಏನೂ ಇಲ್ಲ. ವರ್ಷಕ್ಕೆ ಒಮ್ಮೆ ದಸರಾ ಗೊಂಬೆ ಇಳಿಸಲು ತೆರೆಯುವ ಬಾಗಿಲು ಸವೆಯುವುದೆಲ್ಲಿಂದ?

ಅದರ ಮೇಲೆ ಕೆನೆ ಬಣ್ಣ, ಎರಡು ಕೋಟು. ಪೂರ್ತಿ ಒಣಗಿ ಕಲ್ಲಾಗುವ ತನಕ ಕಾಯುವುದು ಬೇಡ. ಮೇಲಿನದು ಕೈಗೆ ಅಂಟದಂತಾದರೆ ಸಾಕು. ಪುಟ್ಟಿ ಬ್ಲೇಡು ಅಡ್ಡ ಹಿಡಿದು ಮೇಸ್ತ್ರಿ ನಾಲ್ಕನೇ ಶಟರಿನ ಮೂಲೆಯನ್ನು ಸವರಿದಾಗ ಕೆನೆ ಬಣ್ಣ ಹಾಲಿನ ಕೆನೆಯ ಹಾಗೇ ಮಡಿಚಿಕೊಂಡು ಎದ್ದು ಬಂತು. ಕೆಳಗೆ ಹಸಿರು. ಅಂಚು ಚೂಪಾಗಿ ಕಂಡರೆ ಸುಳ್ಳೆಂದು ಗೊತ್ತಾಗಿಬಿಡುತ್ತದೆ, ಅದನ್ನು 320ರ ಹಾಳೆಯಲ್ಲಿ ಉಸಿರಿನಷ್ಟು ಹಗುರಾಗಿ ತಿಕ್ಕಿ ಕರಗಿಸಬೇಕು. ಒಂದೆರಡು ಕಡೆ ಬ್ಲೇಡು ಅರಗಿನ ತನಕ ಇಳಿದು ಕೆಂಪು ಹೊಳೆಯಿತು. ಅಲ್ಲಿಗೇ ನಿಲ್ಲಿಸಿ, ಹಸಿರು ಮುಟ್ಟಿಸಿ ಮುಚ್ಚಿದೆವು. ಉಳಿದ ಮೇಣವನ್ನು ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿ ತೆಗೆಯದಿದ್ದರೆ ಮುಂದಿನದು ಯಾವುದೂ ಅಲ್ಲಿ ನಿಲ್ಲುವುದಿಲ್ಲ.

ನನಗೆ ಒಂದು ಚಪಲ ಉಳಿದಿತ್ತು: ಬಿರುಕು. ಹನ್ನೊಂದನೇ ಶಟರಿನ ಹಸಿರಿನ ಮೇಲೆ ಫೆವಿಕಾಲ್ ದಪ್ಪಗೆ ಬಳಿದು, ಅಂಟು ಅರ್ಧ ಆರಿದಾಗ ಕೆನೆ ಬಣ್ಣ ಒಂದೇ ಎಳೆತಕ್ಕೆ ಎಳೆದೆ. ನೋಡುತ್ತಿದ್ದಂತೆಯೇ, ಎರಡು ಮೂರು ನಿಮಿಷದೊಳಗೆ, ಬೇಸಿಗೆಯ ಕೆರೆಯಂಗಳದ ಹಾಗೆ ಬಾಯಿ ಬಿಡತೊಡಗಿತು. ಬ್ರಷ್ಷು ಹೋದ ದಿಕ್ಕಿಗೇ ಸೀಳು. ಅಂಟು ದಪ್ಪ ಇದ್ದಲ್ಲಿ ದೊಡ್ಡದು, ತೆಳುವಿದ್ದಲ್ಲಿ ಕೂದಲೆಳೆ. ನಾನು ಹಿಗ್ಗಿ ಅಮ್ಮನನ್ನು ಕರೆದೆ.

"ಹಿಮ್ಮಡಿ ಒಡೆದ ಹಾಗಿದೆ ಕಣೋ. ವ್ಯಾಸಲೀನ್ ಹಚ್ಚು."

ಆ ಮಾತಾದ ಮೇಲೆ ಆ ಶಟರನ್ನು ಬೇರೆ ಏನಾಗಿಯೂ ನೋಡಲು ಆಗಲಿಲ್ಲ. ಅದು ಅಟ್ಟಕ್ಕೆ ಹೋಯಿತು. ನೀರು ತಾಗಿದರೆ ಆ ಅಂಟು ಮೆತ್ತಗಾಗುತ್ತದೆ, ಸಿಂಕಿನ ಹತ್ತಿರವಂತೂ ಅದು ನಿಲ್ಲುತ್ತಿರಲಿಲ್ಲ.

ನಾಲ್ಕನೇ ದಿನ ಕೊಳೆ ಹಚ್ಚುವ ದಿನ. ಕೆನೆ ಬಣ್ಣದ ಮೇಲೆ ಅರಗಿನ ಒಂದು ತೆಳು ಕೋಟು ಹೋಗಿದೆ. ಅದಿಲ್ಲದೆ ಹಚ್ಚಿದರೆ ಚಾಕ್ ಬೆರೆತ ಬಣ್ಣ ಕೊಳೆಯನ್ನೆಲ್ಲ ಹೀರಿ ಕಲೆಕಲೆಯಾಗುತ್ತದೆ. ಅಗಸೆ ಎಣ್ಣೆ ಒಂದು ಪಾಲು, ಟರ್ಪೆಂಟೈನ್ ಎರಡು ಪಾಲು, ಚಿತ್ರಕಾರರ ಟ್ಯೂಬಿನಿಂದ ಬರ್ನ್ಟ್ ಅಂಬರ್ ಹೆಬ್ಬೆರಳಿನಷ್ಟು. ಸುಟ್ಟ ಮಣ್ಣಿನ ಕಂದು, ಕಬ್ಬಿಣ ಮತ್ತು ಮ್ಯಾಂಗನೀಸಿನದು. ಕಪ್ಪು ಹಾಕಿದರೆ ಮಸಿಯಾಗುತ್ತದೆ, ಹಳತಾಗುವುದಿಲ್ಲ. ಚೌಕಟ್ಟಿನ ಸಂದಿಗಳಿಗೆ ತುಂಬಿ, ಎರಡು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಒರೆಸುತ್ತಾ ಬರುವುದು. ಒರೆಸಿ ಒರೆಸಿ ಇನ್ನೇನು ಪೂರ್ತಿ ಹೋಯಿತು ಅನ್ನುವಷ್ಟರಲ್ಲಿ ಕೈ ನಿಲ್ಲಿಸಬೇಕು. ಮೇಸ್ತ್ರಿಗೆ ಇದು ಬಲು ಹಿಡಿಸಿಬಿಟ್ಟಿದೆ. ಒಲೆಯ ಮೇಲಿನ ಆರನೇ ನಂಬರಿಗೆ ಕೆಳಗಿನಿಂದ ಮೇಲಕ್ಕೆ ಮಾತ್ರ ಕಂದು ಎಳೆದರು. "ಹೊಗೆ ಮೇಲಕ್ಕೇ ಅಲ್ವಾ ಹೋಗೋದು ಸಾರ್." ನಾನು ಹೇಳಿಕೊಟ್ಟದ್ದಲ್ಲ ಅದು.

ಒರೆಸಿದ ಬಟ್ಟೆಗಳನ್ನು ಅವರು ಒಂದೊಂದಾಗಿ ಬಿಡಿಸಿ ತಂತಿಯ ಮೇಲೆ ಕ್ಲಿಪ್ಪು ಹಾಕಿ ಹರಡುತ್ತಾರೆ.

"ಆ ಮಸಿಬಟ್ಟೇನೂ ಒಣಹಾಕಬೇಕೇನಪ್ಪಾ? ಎಸೀಬಾರದಾ?" ಅಮ್ಮನ ಪ್ರಶ್ನೆ.

"ಮುದ್ದೆ ಮಾಡಿ ಎಸೆದ್ರೆ ತಾನಾಗೇ ಹೊತ್ಕೊಳತ್ತೆ ಅಮ್ಮಾ."

ಅಗಸೆ ಎಣ್ಣೆ ಆರುವುದೆಂದರೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವುದು, ಆಗ ಬಿಸಿ ಹುಟ್ಟುತ್ತದೆ. ಹರಡಿದ ಬಟ್ಟೆಯಲ್ಲಿ ಆ ಬಿಸಿ ಹಾರಿಹೋಗುತ್ತದೆ, ಮುದ್ದೆಯಲ್ಲಿ ಒಳಗೇ ಕೂಡಿಕೊಳ್ಳುತ್ತದೆ, ಕಡ್ಡಿ ಗೀರದೆ ಬೆಂಕಿ ಏಳುತ್ತದೆ. ನಮ್ಮ ಮನೆಯಲ್ಲಿ ಅಗಸೆ ಅಂದರೆ ಚಟ್ನಿಪುಡಿ ಅಷ್ಟೇ ಆಗಿತ್ತು. ಅಮ್ಮ ಆವತ್ತಿನಿಂದ ಆ ಡಬ್ಬವನ್ನು ಒಲೆಯಿಂದ ದೂರ ಇಟ್ಟಿದ್ದಾಳೆ. ಬೇಕಿಲ್ಲ ಎಂದರೂ ಕೇಳುವುದಿಲ್ಲ.

ಜೇನುಮೇಣವನ್ನೂ ತಂದಿದ್ದೆ, ಕೊನೆಗೆ ಉಜ್ಜಿ ಹೊಳಪು ಕೊಡಲೆಂದು. ಕುರ್ಚಿಗೆ, ಪೆಟ್ಟಿಗೆಗೆ ಅದರಷ್ಟು ಸೊಗಸು ಬೇರೆ ಇಲ್ಲ. ಆದರೆ ಅದು 62, 64 ಡಿಗ್ರಿಗೆಲ್ಲ ಕರಗುತ್ತದೆ, ಕುಕ್ಕರಿನ ಹಬೆ ನೇರ ಹೊಡೆಯುವಲ್ಲಿ ಜಿಗುಟಾಗಿ ಧೂಳು ಹಿಡಿಯುತ್ತದೆ. ಅರಗನ್ನೂ ಕೊನೆಯ ಕೋಟಾಗಿ ಬಿಡುವ ಹಾಗಿಲ್ಲ, ಸೋಡಾ ನೀರು ತಾಗಿದರೆ ಏಳುತ್ತದೆ. ಆದ್ದರಿಂದ ಕಂದು ಆರಲು ನಾಲ್ಕು ದಿನ ಬಿಟ್ಟು, ಮತ್ತೊಂದು ತೆಳು ಅರಗು, ಅದರ ಮೇಲೆ ನೀರಿನಲ್ಲಿ ಕಲಸುವ ಮ್ಯಾಟ್ ವಾರ್ನಿಷ್ ಎರಡು ಕೋಟು. ಜೇನುಮೇಣದ ಉಂಡೆಯನ್ನು ಅಮ್ಮ ಎತ್ತಿಕೊಂಡು ಹೋಗಿ ಡ್ರಾಗಳ ಮರದ ಹಳಿಗೆ ಉಜ್ಜಿದಳು. ಎಳೆದರೆ ಈಗ ಬೆಣ್ಣೆಯ ಹಾಗೆ ಜಾರುತ್ತವೆ. ಇಡೀ ಕೆಲಸದಲ್ಲಿ ಅವಳಿಗೆ ಪೂರಾ ತೃಪ್ತಿ ಕೊಟ್ಟದ್ದು ಅದೊಂದೇ ಇರಬೇಕು.

ಹತ್ತನೇ ದಿನ, ಸಂಜೆ ನಾಲ್ಕು. ಪಶ್ಚಿಮದ ಕಿಟಕಿಯಿಂದ ಬಿಸಿಲು ಓರೆಯಾಗಿ ಬಂದು ಕಪಾಟಿನ ಮೇಲೆ ಬಿದ್ದಿದೆ. ಹನ್ನೊಂದನೆಯದನ್ನು ಬಿಟ್ಟು ಶಟರುಗಳೆಲ್ಲ ನಂಬರಿನ ಪ್ರಕಾರ ಕೂತಿವೆ. ರೆಡ್ ಆಕ್ಸೈಡಿನ ನೆಲದ ಮೇಲೆ ಕೆನೆ ಬಣ್ಣ, ಮೂಲೆಗಳಲ್ಲಿ ಹಸಿರು, ಸಂದಿಗಳಲ್ಲಿ ಕಂದು. ಇನ್ನು ಮೂರು ವಾರ ಒದ್ದೆ ಬಟ್ಟೆಯಲ್ಲಿ ಜೋರಾಗಿ ಉಜ್ಜಬಾರದು ಎಂದು ಮೇಸ್ತ್ರಿ ಎರಡು ಸಲ ಹೇಳಿದ್ದಾರೆ. ಕೊನೆಗೆ ಉಳಿದಿದ್ದ ಹಿತ್ತಾಳೆಯ ಗುಂಡು ಹಿಡಿಗಳನ್ನೂ ಈಗ ತಾನೇ ಬಿಗಿದು ಮುಗಿಸಿದರು. ಗುಜರಿಯವನ ಹತ್ತಿರ ಕಿಲೋ ಲೆಕ್ಕದಲ್ಲಿ ತಂದು ಹುಣಸೆಹಣ್ಣು ಹಾಕಿ ತಿಕ್ಕಿದವು. ಎರಡನೇ ನಂಬರಿಗೂ ಒಂದು ಸಿಕ್ಕಿದೆ.

ಹುಡುಗ ಬ್ರಷ್ಷು ತೊಳೆಯುತ್ತಿದ್ದಾನೆ. ಮೇಸ್ತ್ರಿ ಗೋಡೆಗೆ ಒರಗಿ ಕೂತು ಎರಡನೇ ಶಟರಿನ ಅಂಚನ್ನೇ ನೋಡುತ್ತಿದ್ದಾರೆ. ಅಲ್ಲಿ ಅವರು ಒಂದೂವರೆ ಗಂಟೆ ಕೂತಿದ್ದರು. ಹೆಬ್ಬೆರಳ ದಿಂಡಿಗೆ ಒಂದು ಆಳ, ಬೆರಳ ಗೆಣ್ಣುಗಳಿಗೆ ಇನ್ನೊಂದು, ಸುತ್ತ ಬೆವರು ಕುಡಿದಂಥ ಕಂದು. 40 ವರ್ಷದ ಕೈ ಅಲ್ಲಿ ಕೂತಿದೆ.

"ಕಾಫಿ ಕುಡಿದುಕೊಂಡು ಹೋಗಪ್ಪಾ," ಎನ್ನುತ್ತಾ ಅಮ್ಮ ಹಾಲು ಒಲೆಗಿಟ್ಟಳು. ಬಲಗೈಯಲ್ಲಿ ಸೌಟು. ಸಕ್ಕರೆ ಖಾನೆಯತ್ತ ತಿರುಗಿದಳು. ನಾನೂ ಮೇಸ್ತ್ರಿಯೂ ಉಸಿರು ಬಿಗಿಹಿಡಿದೆವು.

ಅಮ್ಮ ಎಡಗೈ ಚಾಚಿ, ಹೊಸ ಹಿತ್ತಾಳೆ ಹಿಡಿಯನ್ನು ಎರಡು ಬೆರಳಲ್ಲಿ ಹಿಡಿದು, ಸಲೀಸಾಗಿ ಬಾಗಿಲು ತೆರೆದಳು.

ಮೇಸ್ತ್ರಿ ನನ್ನ ಕಡೆ ನೋಡಿದರು. ಭುಜ ಕುಲುಕುವುದು ಮೊದಲು ಕಂಡಿತು, ನಗು ಆಮೇಲೆ ಕೇಳಿಸಿತು.

"ಯಾಕಪ್ಪಾ ನಗ್ತೀಯ? ಸಕ್ಕರೆ ಎಷ್ಟು, ಒಂದಾ ಎರಡಾ?"